ಮಾಜಿ ಸೈನಿಕರು ಸಣ್ಣ ಸೇವಾ ಉದ್ಯಮ ಕಟ್ಟುವುದು ಹೇಗೆ? ಸಂಪ್ ತೊಳೆಯುವ ಕೆಲಸದ ಒಂದು ಮಾದರಿ

ಸೇನೆಗೆ ಸಿಪಾಯಿಯಾಗಿ ಸೇರಿದವರಲ್ಲಿ ಹೆಚ್ಚಿನವರು ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗಿ ಊರಿಗೆ ಮರಳುತ್ತಾರೆ. ಪಿಂಚಣಿ ಬರುತ್ತಿದ್ದರೂ ಮಕ್ಕಳ ಓದು ಬಾಕಿಯಿರುತ್ತದೆ, ಮೈಯಲ್ಲಿ ಕಸುವೂ ಇರುತ್ತದೆ. ಸೆಕ್ಯುರಿಟಿ ಕೆಲಸ ಬೇಡ, ಸ್ವಂತದ್ದೇನಾದರೂ ಮಾಡಬೇಕು ಎನ್ನುವವರಿಗಾಗಿ, ಮೈಸೂರಿನಂಥ ನಗರದಲ್ಲಿ ಮನೆಗಳ ಸಂಪ್ ಮತ್ತು ಓವರ್‌ಹೆಡ್ ಟ್ಯಾಂಕ್ ತೊಳೆದುಕೊಡುವ ಕೆಲಸವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಲೇಖನ ಬರೆದಿದೆ. ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಂಥ ದಳಗಳಲ್ಲಿ ಸ್ಯಾಪರ್ (ಎಂಜಿನಿಯರಿಂಗ್ ಕೆಲಸದ ಸೈನಿಕ) ಆಗಿ ದುಡಿದವರಿಗೆ ಪಂಪು, ಪೈಪು, ನೀರಿನ ಸರಬರಾಜು ಹೊಸ ವಿಷಯಗಳಲ್ಲ.

ಮೊದಲು ಕಾಗದಪತ್ರ

ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಡಿಸ್ಚಾರ್ಜ್ ಬುಕ್ ಮತ್ತು ಪಿಂಚಣಿ ಆದೇಶದೊಂದಿಗೆ ಹೋಗಿ ಮಾಜಿ ಸೈನಿಕರ ಗುರುತಿನ ಚೀಟಿ ಮಾಡಿಸಿಕೊಳ್ಳಬೇಕು. ಬಳಿಕ ಆಧಾರ್ ಮತ್ತು ಪ್ಯಾನ್ ಬಳಸಿ, ಸಣ್ಣ ಉದ್ಯಮಗಳಿಗೆಂದೇ ಇರುವ ಉದ್ಯಮ್ ನೋಂದಣಿ ಮಾಡಬಹುದು. ಸರ್ಕಾರಿ ಜಾಲತಾಣದಲ್ಲಿ ಇದು ಉಚಿತ, ಹಣ ಕೇಳುವ ಮಧ್ಯವರ್ತಿಯ ಅಗತ್ಯವಿಲ್ಲ. ರಾಜ್ಯದೊಳಗೆ ಸೇವೆ ಒದಗಿಸುವವರಿಗೆ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲ. ಈ ವಹಿವಾಟಿಗೆ ಪಿಂಚಣಿ ಸೇರುವುದಿಲ್ಲವಾದರೂ, ಆದಾಯ ತೆರಿಗೆಯ ಲೆಕ್ಕದಲ್ಲಿ ಪಿಂಚಣಿ ಮತ್ತು ಉದ್ಯಮದ ಲಾಭ ಎರಡೂ ಒಟ್ಟಾಗುತ್ತವೆ.

ಸಾಲ ಬೇಕಿದ್ದರೆ ಆ ತೀರ್ಮಾನವನ್ನು ಕೆಲಸ ಆರಂಭಿಸುವ ಮೊದಲೇ ಮಾಡುವುದು ಒಳ್ಳೆಯದು. ಬ್ಯಾಂಕ್ ಸಾಲದ ಜೊತೆ ಸರ್ಕಾರಿ ಸಹಾಯಧನ ಸಿಗುವ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ಮೊದಲ ನೆರವು ಹೊಸ ಘಟಕಗಳಿಗೆ ಮಾತ್ರ. 2022ರಲ್ಲಿ ಪರಿಷ್ಕೃತವಾದ ಅದರ ನಿಯಮಗಳಲ್ಲಿ ಸೇವಾ ಘಟಕದ ಯೋಜನಾ ವೆಚ್ಚದ ಮಿತಿ 20 ಲಕ್ಷ ರೂಪಾಯಿ. ಮಾಜಿ ಸೈನಿಕರು ವಿಶೇಷ ವರ್ಗದಲ್ಲಿ ಬರುವುದರಿಂದ ಸ್ವಂತ ಪಾಲು ಶೇ 5, ಸಹಾಯಧನ ನಗರದಲ್ಲಿ ಶೇ 25, ಗ್ರಾಮೀಣ ಪ್ರದೇಶದಲ್ಲಿ ಶೇ 35. ಅರ್ಜಿ ಹಾಕುವ ವರ್ಷದ ಸ್ಥಿತಿಯನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬೇಕು. ನಿವೃತ್ತಿಯಲ್ಲಿ ಬಂದ ಗ್ರಾಚ್ಯುಟಿ ಮತ್ತು ಕಮ್ಯುಟೇಶನ್ (ಪಿಂಚಣಿಯ ಒಂದು ಪಾಲನ್ನು ಮುಂಗಡವಾಗಿ ಒಟ್ಟಿಗೆ ಪಡೆಯುವ) ಹಣವನ್ನು ಇಡಿಯಾಗಿ ವ್ಯಾನು, ಯಂತ್ರಗಳ ಮೇಲೆ ಸುರಿಯುವುದನ್ನು ನಾನಂತೂ ಒಪ್ಪುವುದಿಲ್ಲ. ಒಂದು ಕೆಸರು ಪಂಪು, ಒತ್ತಡದಿಂದ ನೀರು ಚಿಮ್ಮಿಸುವ ಯಂತ್ರ, ಏಣಿ, ಬ್ರಷ್ಷು, ಗಂಬೂಟುಗಳನ್ನು ಗೂಡ್ಸ್ ಆಟೋದಲ್ಲಿ ಸಾಗಿಸಿಕೊಂಡೇ ಮೊದಲ ವರ್ಷ ಕಳೆಯಬಹುದು.

ದರ ಕಟ್ಟುವುದು

ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಹದಿನೇಳು ಹದಿನೆಂಟು ವರ್ಷ ಸಂಬಳ ತಾನಾಗಿ ಖಾತೆಗೆ ಬಂದು ಬೀಳುತ್ತಿದ್ದವರಿಗೆ, ಎದುರಿಗೆ ನಿಂತ ಗಿರಾಕಿಗೆ ಇಷ್ಟು ಕೊಡಿ ಎನ್ನಲು ಸಂಕೋಚವಾಗುವುದು ಸಹಜ.

ಎಂಟು ಅಡಿ ಉದ್ದ, ಆರು ಅಡಿ ಅಗಲ, ಐದು ಅಡಿ ಆಳದ ಸಂಪಿನ ಗಾತ್ರ 240 ಘನ ಅಡಿ. ಒಂದು ಘನ ಅಡಿಗೆ ಸುಮಾರು 28.3 ಲೀಟರಿನಂತೆ ಅದು ಹತ್ತಿರ ಹತ್ತಿರ 6,800 ಲೀಟರ್ ಹಿಡಿಯುತ್ತದೆ. ಅದನ್ನು ತೊಳೆಯಲು ಇಬ್ಬರ ಅರ್ಧ ದಿನದ ಕೂಲಿ 900, ಸಾಗಾಟ 150, ಬ್ಲೀಚಿಂಗ್ ಪುಡಿ ಮತ್ತು ಬ್ರಷ್ಷು 100, ಯಂತ್ರದ ಸವಕಳಿ 150 ಎಂದಿಟ್ಟುಕೊಂಡರೆ 1,300 ರೂಪಾಯಿ ಆಯಿತು. ಮುಂದೆ ನಿಂತು ಕೆಲಸ ಮಾಡಿಸಿದ ಮಾಲೀಕರ ಅರ್ಧ ದಿನದ ಸಂಬಳ ಈ ಲೆಕ್ಕದಲ್ಲಿಲ್ಲ. ಮನೆ ಖರ್ಚಿಗೆ ಪಿಂಚಣಿಯಿದೆಯಲ್ಲ ಎಂದು 1,500ಕ್ಕೆ ಒಪ್ಪಿಕೊಂಡರೆ, ಅವರ ಪಿಂಚಣಿಯ ಒಂದು ಪಾಲು ಗಿರಾಕಿಯ ಸಂಪಿಗೆ ಹೋದಂತೆಯೇ ಸರಿ. ನಾಳೆ ಎರಡನೆಯ ತಂಡಕ್ಕೆ ಪಿಂಚಣಿಯಿಲ್ಲದ ಮೇಲ್ವಿಚಾರಕನೊಬ್ಬನನ್ನು ಇಟ್ಟಾಗ ಅವನ ಸಂಬಳಕ್ಕೆ ದುಡ್ಡು ಹುಟ್ಟುವುದಿಲ್ಲ, ಹಳೆಯ ಗಿರಾಕಿಗಳು ದರ ಏರಿಸಲೂ ಬಿಡುವುದಿಲ್ಲ. ಆದ್ದರಿಂದ ತಮ್ಮ ಸಂಬಳವನ್ನು ಮೊದಲ ದಿನದಿಂದಲೇ ದರದೊಳಗೆ ಸೇರಿಸಿ, ಅದನ್ನು ಬರಹದಲ್ಲಿ ಕೊಟ್ಟು, ಕೆಲಸ ಮುಗಿದ ಕೂಡಲೇ ರಸೀದಿ ಹರಿದುಕೊಡುವ ರೂಢಿ ಮಾಡಿಕೊಳ್ಳಬೇಕು.

ಕೆಲಸದ ಕ್ರಮ

ಸಂಪು ಸಾಧಾರಣ ತೊಟ್ಟಿಯಂತೆ ಕಂಡರೂ ಬಹುಕಾಲ ಮುಚ್ಚಿದ್ದರೆ ಒಳಗೆ ಆಮ್ಲಜನಕ ಕಡಿಮೆಯಾಗಿರುವ ಅಪಾಯವಿದೆ. ಮುಚ್ಚಳ ತೆರೆದು, ಗಾಳಿ ಊದುವ ಫ್ಯಾನ್ ಹಚ್ಚಿ, ಗಾಳಿ ಪರೀಕ್ಷಿಸುವ ಸಾಧನದಿಂದ ನೋಡಿದ ಮೇಲಷ್ಟೇ ಆಳು ಇಳಿಯಬೇಕು. ಸೊಂಟಕ್ಕೆ ಹಗ್ಗ, ಮೇಲೆ ಕಣ್ಣಿಡುವ ಮತ್ತೊಬ್ಬ ಆಳು ತಪ್ಪಬಾರದು. ಪೆಟ್ರೋಲ್ ಪಂಪನ್ನು ಒಳಗಿಳಿಸಿದರೆ ಅದರ ಹೊಗೆಯೇ ಪ್ರಾಣ ತೆಗೆದೀತು. ವಿದ್ಯುತ್ ಪಂಪು ಓಡುವಾಗ ನೀರಿನಲ್ಲಿ ಯಾರೂ ನಿಂತಿರಕೂಡದು. ಹೂಳು ತೆಗೆದು, ಗೋಡೆಯ ಪಾಚಿ ಉಜ್ಜಿ, ಬ್ಲೀಚಿಂಗ್ ಪುಡಿಯ ದ್ರಾವಣ ಬಳಿದು, ಅರ್ಧ ಗಂಟೆ ಬಿಟ್ಟು ತೊಳೆದು, ಆ ನೀರನ್ನೂ ಹೊರಹಾಕಬೇಕು. ಸೆಪ್ಟಿಕ್ ಟ್ಯಾಂಕನ್ನೂ ನೋಡಿಬಿಡಿ ಎಂದು ಗಿರಾಕಿ ಕೇಳಿದರೆ ಖಡಾಖಂಡಿತವಾಗಿ ಇಲ್ಲವೆನ್ನಬೇಕು. ರಕ್ಷಣಾ ಸಲಕರಣೆಗಳಿಲ್ಲದೆ ಅದಕ್ಕೆ ಆಳು ಇಳಿಸುವುದು, ಮಲ ಬಾಚುವ ಕೆಲಸಕ್ಕೆ ಜನರನ್ನು ಹಚ್ಚುವುದನ್ನು ನಿಷೇಧಿಸುವ 2013ರ ಕಾಯ್ದೆಯಡಿ ಅಪರಾಧ.

ಪ್ರತಿ ಹಂತವನ್ನೂ ಒಂದು ಪುಟದ ಪಟ್ಟಿಯಾಗಿ ಬರೆದು, ಮುಂದೆ ಸಮಯ ಮತ್ತು ಸಹಿಯ ಜಾಗ ಬಿಡಬೇಕು. ಡ್ಯೂಟಿ ರಿಜಿಸ್ಟರ್ ತುಂಬಿ ಅಭ್ಯಾಸವಿರುವವರಿಗೆ ಇದು ಸುಲಭ. ತೊಳೆಯುವ ಮುನ್ನ ಮತ್ತು ಅನಂತರ ತೆಗೆದ ಎರಡು ಫೋಟೊಗಳೊಡನೆ ಆ ಪುಟವನ್ನು ಗಿರಾಕಿಗೆ ಕಳುಹಿಸಿದರೆ ಬೇರೆ ಜಾಹೀರಾತು ಅಷ್ಟಾಗಿ ಬೇಕಾಗುವುದಿಲ್ಲ.

ಬೆಳೆಸುವುದು

ಬಿಡಿ ಮನೆಗಳ ಕೆಲಸ ಒಂದು ವಾರ ತುಂಬಿದ್ದರೆ ಮತ್ತೊಂದು ವಾರ ಖಾಲಿ. ಅಪಾರ್ಟ್‌ಮೆಂಟ್ ಸಂಘ, ಹಾಸ್ಟೆಲ್, ಕಲ್ಯಾಣ ಮಂಟಪಗಳೊಂದಿಗೆ ಆರು ತಿಂಗಳಿಗೊಮ್ಮೆ ತೊಳೆಯುವ ವಾರ್ಷಿಕ ಒಪ್ಪಂದ ಮಾಡಿಕೊಂಡರೆ ತಿಂಗಳ ವರಮಾನ ಮೊದಲೇ ಗೊತ್ತಾಗುತ್ತದೆ. ಆಳುಗಳ ಸಂಖ್ಯೆ ಹತ್ತಕ್ಕೆ ಮುಟ್ಟಿದಾಗ ಇಎಸ್‌ಐ (ನೌಕರರ ರಾಜ್ಯ ವಿಮೆ), ಇಪ್ಪತ್ತಕ್ಕೆ ಮುಟ್ಟಿದಾಗ ಭವಿಷ್ಯ ನಿಧಿಯ ನಿಯಮಗಳು ಅನ್ವಯಿಸುವುದರಿಂದ ಆ ಖರ್ಚನ್ನು ಒಪ್ಪಂದದ ದರದಲ್ಲಿ ಮುಂಚೆಯೇ ಹಿಡಿಯಬೇಕು.

ಎರಡನೆಯ ತಂಡವನ್ನು ಕಳುಹಿಸಿದ ಮೇಲೆ ಮಾಲೀಕರು ವಾರಕ್ಕೊಮ್ಮೆಯಾದರೂ ಹೇಳದೆ ಕೇಳದೆ ಕೆಲಸದ ಜಾಗಕ್ಕೆ ಹೋಗಿ ಪಟ್ಟಿ ನೋಡಬೇಕು. ಮುಚ್ಚಳ ತೆರೆದ ಸಮಯದ ಸಾಲು ಖಾಲಿಯಿದ್ದರೆ, ಒಳಗಿರುವ ಆಳನ್ನು ಮೊದಲು ಮೇಲಕ್ಕೆ ಕರೆಸಿ, ಉಳಿದ ಮಾತನ್ನು ಆಮೇಲೆ ಆಡಬೇಕು.