ಶಿಲೀಂಧ್ರದ ಕೋಶಭಿತ್ತಿಗೆ ಅಂಟುವ ಫ್ಯೂಷನ್ ಪ್ರೋಟೀನ್: ವಿನ್ಯಾಸದಿಂದ ಬಯೋಫಿಲ್ಮ್ ಪರೀಕ್ಷೆಯವರೆಗೆ

ಕ್ಯಾಂಡಿಡಾ ಆಲ್ಬಿಕನ್ಸ್‌ನಂತಹ ಶಿಲೀಂಧ್ರಗಳು ಕ್ಯಾಥೆಟರಿನ ಒಳಮೈಯಲ್ಲಿ ಬಯೋಫಿಲ್ಮ್ (ಮೇಲ್ಮೈಗೆ ಅಂಟಿ ಬೆಳೆಯುವ ಕೋಶಗಳ ಪದರ) ಕಟ್ಟಿಕೊಂಡ ಮೇಲೆ ಅವುಗಳನ್ನು ಔಷಧದಿಂದ ನಿರ್ಮೂಲ ಮಾಡುವುದು ಬಹಳ ಕಷ್ಟ. ಜೀವಕೋಶಗಳನ್ನು ಸುತ್ತುವರಿದ ಮ್ಯಾಟ್ರಿಕ್ಸಿನಲ್ಲಿರುವ ಬೀಟಾ-ಗ್ಲುಕಾನ್ ಎಂಬ ಸಕ್ಕರೆ ಸರಪಳಿ, ಫ್ಲುಕೊನಜೋಲ್‌ನಂತಹ ಔಷಧವನ್ನು ಗುರಿ ಮುಟ್ಟುವ ಮೊದಲೇ ಹಿಡಿದಿಟ್ಟುಕೊಳ್ಳುವುದು ಇದಕ್ಕೆ ಒಂದು ಕಾರಣ. ಕೋಶಭಿತ್ತಿಯನ್ನು ಗುರುತಿಸಿ ಅಂಟುವ ಭಾಗವನ್ನೂ ಅಲ್ಲಿ ಕೆಲಸ ಮಾಡುವ ಭಾಗವನ್ನೂ ಒಂದೇ ಸರಪಳಿಯಲ್ಲಿ ಜೋಡಿಸಿ ಫ್ಯೂಷನ್ ಪ್ರೋಟೀನ್ ಮಾಡುವುದು ಈ ತೊಡಕಿಗೆ ಒಂದು ಉತ್ತರ. ಆದರೆ ಗಟ್ಟಿಯಾಗಿ ಅಂಟುವ ಪ್ರೋಟೀನೆಲ್ಲವೂ ಬಯೋಫಿಲ್ಮನ್ನು ತಡೆಯುವುದಿಲ್ಲ. ವಿನ್ಯಾಸದ ಪ್ರತಿ ಹಂತದಲ್ಲೂ ಈ ಎರಡು ಗುಣಗಳನ್ನು ಬೇರೆ ಬೇರೆಯಾಗಿಯೇ ಅಳೆಯಬೇಕು.

ಮೊದಲು ಗುರಿಯನ್ನು ನಿಶ್ಚಯಿಸಿಕೊಳ್ಳಿ. ಕ್ಯಾಂಡಿಡಾದ ಭಿತ್ತಿಯಲ್ಲಿ ಮ್ಯಾನನ್ ಹೊರಪದರದಲ್ಲಿದೆ. ಬೀಟಾ-1,3-ಗ್ಲುಕಾನ್ ಮತ್ತು ಕೈಟಿನ್ ಅದರ ಒಳಗಿವೆ. ಬೀಟಾ-ಗ್ಲುಕಾನ್‌ಗೆ ಪ್ರತಿರಕ್ಷಣಾ ಕೋಶಗಳ ಮೇಲಿರುವ ಡೆಕ್ಟಿನ್-1 ಗ್ರಾಹಕದ ಹೊರಭಾಗವನ್ನೂ, ಮ್ಯಾನನ್‌ಗೆ ಡೆಕ್ಟಿನ್-2ನ್ನೂ, ಕೈಟಿನ್‌ಗೆ ಬ್ಯಾಸಿಲಸ್ ಸರ್ಕುಲನ್ಸ್‌ನ ಕೈಟಿನೇಸ್ ಎ1 ಕಿಣ್ವದ ಅಂಟುವ ತುಣುಕನ್ನೂ ಬಳಸಬಹುದು. ಡೆಕ್ಟಿನ್-2ಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು, ಆದ್ದರಿಂದ ಬಫರಿನಲ್ಲಿ ಕ್ಯಾಲ್ಸಿಯಂ ಹಿಡಿದುಕೊಳ್ಳುವ ಇಡಿಟಿಎ ಇರಕೂಡದು. ಶಾಖದಿಂದ ಕೊಂದ ಕೋಶಗಳ ಮೇಲೆ ಮಾತ್ರ ಪರೀಕ್ಷಿಸುವವರು ಮೋಸಹೋಗುತ್ತಾರೆ. ಶಾಖವು ಮ್ಯಾನನ್ ಪದರವನ್ನು ಕೆಡಿಸಿ ಒಳಗಿನ ಗ್ಲುಕಾನನ್ನು ತೆರೆದಿಡುತ್ತದೆ. ಜೀವಂತ ಯೀಸ್ಟ್ ಕೋಶದಲ್ಲಾದರೋ ಅದು ಮುಖ್ಯವಾಗಿ ಮೊಗ್ಗು ಕಳಚಿದ ಗುರುತುಗಳ ಬಳಿ ಮಾತ್ರ ಕಾಣಿಸಿಕೊಳ್ಳುತ್ತದೆ. ಹೀಗಾಗಿ ಜೀವಂತ ಯೀಸ್ಟ್, ಹೈಫಾ (ಶಿಲೀಂಧ್ರದ ಎಳೆಯಂಥ ರೂಪ) ಮತ್ತು ಬೆಳೆದ ಬಯೋಫಿಲ್ಮ್ ಮೂರರಲ್ಲೂ ಅಂಟುವಿಕೆಯನ್ನು ನೋಡಲೇಬೇಕು.

ಕೆಲಸದ ಭಾಗವನ್ನು ಆರಿಸುವಾಗ ಅದು ಎಲ್ಲಿ ಕೆಲಸ ಮಾಡಬೇಕೆಂಬುದೇ ಮುಖ್ಯ ಪ್ರಶ್ನೆ. 24 ಅಮೈನೋ ಆಮ್ಲಗಳ ಹಿಸ್ಟಾಟಿನ್-5 ಪೆಪ್ಟೈಡ್ ಕೋಶದ ಒಳಹೊಕ್ಕು ಕೊಲ್ಲುತ್ತದೆ. ಅದನ್ನು ಭಿತ್ತಿಗೆ ಬಿಗಿಯಾಗಿ ಕಟ್ಟಿಹಾಕುವ ಜೋಡಣೆ ಅದರ ಕೆಲಸಕ್ಕೇ ಅಡ್ಡಿಯಾಗಬಹುದು. ಗ್ಲುಕನೇಸ್, ಕೈಟಿನೇಸ್ ಕಿಣ್ವಗಳ ಕೆಲಸ ಭಿತ್ತಿಯಲ್ಲೇ ನಡೆಯುವುದರಿಂದ ಅವು ಈ ವಿನ್ಯಾಸಕ್ಕೆ ಹೆಚ್ಚು ಹೊಂದುತ್ತವೆ ಎಂಬುದು ನನ್ನ ಅಭಿಪ್ರಾಯ. ಪ್ರತಿಕಾಯದ ಎಫ್‌ಸಿ ಭಾಗವನ್ನು ಜೋಡಿಸಿದರೆ ಪ್ರೋಟೀನ್ ಜೋಡಿಯಾಗಿ ಮಡಿಚಿಕೊಂಡು ಎರಡು ಕಡೆ ಹಿಡಿಯುತ್ತದೆ. ಭಕ್ಷಕ ಕೋಶಗಳಿಗೂ ಗುರುತು ಸಿಗುತ್ತದೆ.

ಎರಡು ಭಾಗಗಳ ನಡುವೆ ನಾಲ್ಕು ಗ್ಲೈಸಿನ್ ಮತ್ತು ಒಂದು ಸೆರೀನ್‌ನ ಘಟಕವನ್ನು ಮೂರು ಬಾರಿ ಇಟ್ಟು ಆರಂಭಿಸಿ, ಭಾಗಗಳ ಕ್ರಮವನ್ನು ಅದಲುಬದಲು ಮಾಡಿದ ಇನ್ನೊಂದು ರೂಪವನ್ನೂ ತಯಾರಿಸಿಕೊಳ್ಳಿ.

ಉತ್ಪಾದನೆಗೆ ಯೀಸ್ಟನ್ನು ಆರಿಸಿಕೊಳ್ಳುವ ಮುನ್ನ ಯೋಚಿಸಿ: ತಯಾರಾದ ಪ್ರೋಟೀನ್ ಆ ಯೀಸ್ಟಿನ ಭಿತ್ತಿಗೇ ಅಂಟಿಕೊಂಡು ಉಳಿಯಬಹುದು. ಎಫ್‌ಸಿ ಇರುವ ಪ್ರೋಟೀನಿಗೆ ಸರಿಯಾದ ಗ್ಲೈಕೋಸಿಲೇಷನ್ ಬೇಕಿರುವುದರಿಂದ ಸಸ್ತನಿ ಕೋಶಗಳು ಸೂಕ್ತ. ಚಿಕ್ಕ ಪ್ರೋಟೀನುಗಳಿಗೆ ಇ. ಕೋಲಿ ಸಾಕು, ಡೈಸಲ್ಫೈಡ್ ಬಂಧಗಳಿದ್ದರೆ ಅವನ್ನು ಕಟ್ಟಬಲ್ಲ ತಳಿಯನ್ನೇ ಬಳಸಿ. ಪ್ರತಿರಕ್ಷಣಾ ಕೋಶಗಳೊಡನೆ ಪರೀಕ್ಷಿಸುವುದಾದರೆ ಇ. ಕೋಲಿಯ ಭಿತ್ತಿಯಿಂದ ಬರುವ ಎಂಡೋಟಾಕ್ಸಿನ್ ವಿಷವನ್ನು ತೆಗೆಯದೆ ಮುಂದುವರಿಯಬೇಡಿ.

ಅಂಟುವಿಕೆಯನ್ನು ಅಳೆಯಲು ಪ್ರೋಟೀನನ್ನು ಕರಗದ ಕರ್ಡ್ಲಾನ್ (ಒಂದು ಬೀಟಾ-ಗ್ಲುಕಾನ್) ಅಥವಾ ಕೈಟಿನ್ ಪುಡಿಯೊಡನೆ ಬೆರೆಸಿ, ಸೆಂಟ್ರಿಫ್ಯೂಜ್ ಮಾಡಿ, ತಳದಲ್ಲೂ ಮೇಲಿನ ದ್ರವದಲ್ಲೂ ಪ್ರೋಟೀನ್ ಎಷ್ಟಿದೆಯೆಂದು ಜೆಲ್ ಮೇಲೆ ನೋಡಬಹುದು. ಡೆಕ್ಟಿನ್-1 ಆದರೆ, ಕರಗುವ ಬೀಟಾ-ಗ್ಲುಕಾನ್ ಆದ ಲ್ಯಾಮಿನಾರಿನ್ ಸೇರಿಸಿದಾಗ ಅಂಟುವಿಕೆ ತಗ್ಗಬೇಕು. ಅಂಟಲಾಗದ ರೂಪಾಂತರವೂ ಅತ್ಯಗತ್ಯ. ಇಲಿಯ ಡೆಕ್ಟಿನ್-1ರಲ್ಲಿ 221ನೆಯ ಟ್ರಿಪ್ಟೋಫ್ಯಾನ್ ಮತ್ತು 223ನೆಯ ಹಿಸ್ಟಿಡಿನ್ ಗ್ಲುಕಾನ್ ಹಿಡಿಯುವುದಕ್ಕೆ ನಿರ್ಣಾಯಕವಾಗಿವೆ, ಆದ್ದರಿಂದ ಅವನ್ನು ಬದಲಿಸುವುದರಿಂದ ಆರಂಭಿಸಿ.

ಬಯೋಫಿಲ್ಮ್ ಪರೀಕ್ಷೆಗೆ 96 ಗುಳಿಗಳ ಚಪ್ಪಟೆ ತಳದ ತಟ್ಟೆಯಲ್ಲಿ, ಆರ್‌ಪಿಎಂಐ 1640 ಮಾಧ್ಯಮದಲ್ಲಿ, ಮಿಲಿಲೀಟರಿಗೆ ಸುಮಾರು 10 ಲಕ್ಷ ಕೋಶಗಳನ್ನು ಹಾಕಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 90 ನಿಮಿಷ ಅಂಟಲು ಬಿಟ್ಟು, ತೊಳೆದು, ಹೊಸ ಮಾಧ್ಯಮದಲ್ಲಿ 24 ಗಂಟೆ ಬೆಳೆಸಿ. ಪ್ರೋಟೀನನ್ನು ಆರಂಭದಲ್ಲಿ, 90 ನಿಮಿಷದ ನಂತರ, 24 ಗಂಟೆಯ ನಂತರ ಹೀಗೆ ಮೂರು ಪ್ರತ್ಯೇಕ ಗುಂಪುಗಳಿಗೆ ಸೇರಿಸಿದರೆ, ಅದು ಅಂಟುವುದನ್ನು ತಡೆಯಿತೇ, ಬೆಳವಣಿಗೆಯನ್ನು ತಡೆಯಿತೇ, ಕಟ್ಟಿದ ಪದರವನ್ನು ಕೆಡಿಸಿತೇ ಎಂದು ಬಿಡಿಸಿ ಹೇಳಬಹುದು. ಎಕ್ಸ್‌ಟಿಟಿ ಬಣ್ಣ ಕೋಶಗಳ ಚಟುವಟಿಕೆಯನ್ನು ತೋರಿಸುತ್ತದೆ, ಕ್ರಿಸ್ಟಲ್ ವಯೊಲೆಟ್ ಒಟ್ಟು ರಾಶಿಯನ್ನು; ಎರಡೂ ಬೇಕು.

ನಿಯಂತ್ರಣ ಗುಳಿಗಳಲ್ಲಿ ಜಿಪುಣತನ ಬೇಡ. ಬರೀ ಬಫರ್, ಅಂಟುವ ಭಾಗ ಮಾತ್ರ, ಕೆಲಸದ ಭಾಗ ಮಾತ್ರ, ಎರಡನ್ನೂ ಜೋಡಿಸದೆ ಬೆರೆಸಿದ ಮಿಶ್ರಣ, ಅಂಟಲಾಗದ ರೂಪಾಂತರ, ಇವೆಲ್ಲವೂ ಸಮಾನ ಮೋಲ್ ಪ್ರಮಾಣದಲ್ಲಿರಬೇಕು. ಸಂಬಂಧವಿಲ್ಲದ ಪ್ರೋಟೀನೂ ಪ್ಲಾಸ್ಟಿಕ್ಕಿಗೆ ಲೇಪನವಾಗಿ ಅಂಟುವಿಕೆಯನ್ನು ತಗ್ಗಿಸಬಲ್ಲದು. ಅದಕ್ಕೆಂದು ಆಲ್ಬುಮಿನ್ ಗುಳಿಯೊಂದಿರಲಿ. ಎಫ್‌ಸಿ ಇರುವ ಎರಡು ಕೈಗಳ ಪ್ರೋಟೀನ್ ಕೋಶಗಳನ್ನು ಗಂಟುಗಟ್ಟಿಸಿದರೆ, ಹಲವು ಕೋಶಗಳ ಗಂಟು ಒಂದೇ ಕಾಲೊನಿಯಾಗಿ ಎಣಿಕೆಗೆ ಬಂದು ಸಾಯದ ಕೋಶಗಳೂ ಸತ್ತಂತೆ ತೋರುತ್ತವೆ. ಆದ್ದರಿಂದ ಎಣಿಕೆಯ ಮೊದಲು ಸೂಕ್ಷ್ಮದರ್ಶಕದಲ್ಲಿ ನೋಡಿ. ಕಿಣ್ವವಿರುವ ಪ್ರೋಟೀನ್ ಪದರವನ್ನು ಕರಗಿಸಿದರೂ ಕೋಶಗಳನ್ನು ಜೀವಂತವಾಗಿಯೇ ಬಿಡುಗಡೆ ಮಾಡಬಹುದು. ರೋಗಿಯ ದೇಹದಲ್ಲಿ ಹಾಗಾದರೆ ಅವು ರಕ್ತದೊಡನೆ ಬೇರೆಡೆಗೆ ಹೋಗಿ ನೆಲೆಸುವ ಅಪಾಯವಿದೆ. ಮೇಲಿನ ದ್ರವದಲ್ಲಿ ತೇಲುವ ಕೋಶಗಳನ್ನೂ ಎಣಿಸಿ, ಅದೇ ತಟ್ಟೆಯಲ್ಲಿ ಫ್ಲುಕೊನಜೋಲ್ ಜೊತೆಗಿನ ಸಂಯೋಜನೆಯನ್ನು ಪರೀಕ್ಷಿಸಿ. ಮ್ಯಾಟ್ರಿಕ್ಸಿನ ಗ್ಲುಕಾನ್ ಸಡಿಲವಾಗಿದ್ದರೆ ಔಷಧದ ಪರಿಣಾಮ ಹೆಚ್ಚಬೇಕು. ಹೆಚ್ಚದಿದ್ದರೆ ಕಿಣ್ವವು ಮ್ಯಾಟ್ರಿಕ್ಸಿನೊಳಗೆ ಇಳಿದಿದೆಯೇ ಎಂಬುದನ್ನು ಪ್ರತಿದೀಪ್ತ ಬಣ್ಣ ಕಟ್ಟಿದ ಪ್ರೋಟೀನಿನಿಂದ ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಪದರ ಪದರವಾಗಿ ನೋಡಬೇಕು.