ಅಡಿಕೆ ತೋಟದಲ್ಲಿ ಸನ್ ಕೊನ್ಯೂರ್ ಸಾಕಿದ್ದು

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ಮನೆಯ ಹಿಂದೆ, ತೋಟ ಶುರುವಾಗುವಲ್ಲಿ, ಒಂದು ಜೋಡಿ ಸನ್ ಕೊನ್ಯೂರ್ ಸಾಕಿದ್ದೇನೆ. ಹಳದಿ, ಕಿತ್ತಳೆ ಬಣ್ಣದ ದಕ್ಷಿಣ ಅಮೆರಿಕದ ಗಿಳಿಗಳು. ಮನೆಗೆ ಬಂದವರೆಲ್ಲ ಕೇಳುವುದು ಒಂದೇ ಮಾತು: "ಫಾರೆಸ್ಟಿನವರು ಹಿಡಿಯುವುದಿಲ್ವಾ?"

ಕಾಗದಪತ್ರ ಸರಿ ಇದ್ದರೆ ಹೆದರಬೇಕಾಗಿಲ್ಲ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿ ಈ ಹಕ್ಕಿ ಇದೆ. 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂದಾಗ ಇಂಥವುಗಳು ನಾಲ್ಕನೇ ಷೆಡ್ಯೂಲಿಗೆ, ಅಂದರೆ ಸೈಟಿಸ್ ಪಟ್ಟಿಯ ಜೀವಿಗಳಿಗೆಂದೇ ಇರುವ ಷೆಡ್ಯೂಲಿಗೆ, ಸೇರಿದವು. 2024ರ ಫೆಬ್ರವರಿಯಲ್ಲಿ ನೋಂದಣಿಯ ನಿಯಮವೂ ಬಂತು. ಮೊದಲೇ ಸಾಕುತ್ತಿದ್ದವರಿಗೆ ಆರು ತಿಂಗಳ ಅವಕಾಶ ಕೊಟ್ಟರು. ಆಮೇಲೆ ತಂದವರು 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ವೆಬ್‌ಸೈಟ್ ಪರಿವೇಶ್ 2.0ರಲ್ಲಿ ಅರ್ಜಿ ಹಾಕಬೇಕು. ಮರಿಯಾದರೆ, ಸತ್ತರೆ, ಇನ್ನೊಬ್ಬರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು.

ನಾನು ಮೊದಲು ನೋಡಿದ ಮಾರಾಟಗಾರ ಅರ್ಧ ಬೆಲೆಗೆ ಕೊಡಲು ತಯಾರಿದ್ದ. ಬಿಲ್ ಇಲ್ಲ, ಸಾಕಿದಲ್ಲೇ ಹುಟ್ಟಿದ್ದೆಂದು ಗುರುತಿಗೆ ಮರಿಯ ಕಾಲಿಗೆ ಹಾಕುವ ಉಂಗುರವೂ ಇಲ್ಲ. ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಕಾಡಿನಲ್ಲಿ ಈ ಹಕ್ಕಿ ಅಳಿವಿನ ಅಂಚಿಗೆ ಬಂದದ್ದೇ ಮಾರಾಟಕ್ಕೆಂದು ಹಿಡಿದು ಹಿಡಿದು. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಹಕ್ಕಿಯನ್ನು ಮನೆಗೆ ತರಲು ಮನಸ್ಸಾಗಲಿಲ್ಲ. ನಾಲ್ಕು ತಿಂಗಳು ಕಾದು, ಉಂಗುರ ಮತ್ತು ಬಿಲ್ ಎರಡೂ ಇದ್ದ ಜೋಡಿಯನ್ನೇ ತಂದೆ.

ಪಕ್ಕದ ಮನೆಯವರು ಹಳೆಯ ತೆಂಗಿನ ಮರ ಕಡಿಸಿದಾಗ ಪೊಟರೆಯಿಂದ ಊರಿನ ಹಸಿರು ಗಿಳಿಯ ಮರಿ ಬಿತ್ತು. ಅವರ ಹುಡುಗ ಎತ್ತಿಕೊಂಡು ಬಂದ. "ಮಾವ, ಇದನ್ನೂ ಅವುಗಳ ಒಟ್ಟಿಗೆ ಬಿಡಿ" ಅಂದ. ನಮ್ಮ ದೇಶದ ಗಿಳಿಯನ್ನು ಮನೆಯಲ್ಲಿ ಸಾಕುವ ಹಾಗಿಲ್ಲ. ಅವನಿಗೆ ಬೇಸರವಾಯಿತು, ನನಗೂ ಆಯಿತು. ಅರಣ್ಯ ಇಲಾಖೆಗೆ ಫೋನ್ ಮಾಡಿ ಒಪ್ಪಿಸಿದೆವು.

ಗೂಡು 12 ಅಡಿ ಉದ್ದ, 6 ಅಡಿ ಅಗಲ. ಅಡಿಗೆ ಕಾಂಕ್ರೀಟ್ ಹಾಕಿಸಿದ್ದೇನೆ, ಇಲ್ಲದಿದ್ದರೆ ಹೆಗ್ಗಣ ಮಾಟೆ ಕೊರೆಯುತ್ತದೆ, ಅದರ ಹಿಂದೆಯೇ ಹಾವು. ಬಾಗಿಲು ಎರಡು, ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುವುದು. ಇಲ್ಲಿಯ ಮಳೆಗಾಳಿ ನೈಋತ್ಯದಿಂದ ಬೀಸುತ್ತದೆ. ಹಾಗಾಗಿ ಆ ಬದಿಗೆ ಪೂರ್ತಿ ಗೋಡೆ. ಹೊಸ ಜಾಲರಿಗೆ ಬಳಿದ ಸತು ಹಕ್ಕಿಗೆ ವಿಷ, ಜಾಲರಿಯನ್ನು ವಿನೆಗರಿನಲ್ಲಿ ಉಜ್ಜಿ ತೊಳೆದೇ ಹಾಕಿದೆ.

ಇಷ್ಟೆಲ್ಲ ಯೋಚಿಸಿದ ನಾನು ಮದ್ದಿನ ಸಂಗತಿ ಮರೆತೇಬಿಟ್ಟಿದ್ದೆ. ಅಡಿಕೆ ಕೊಳೆತು ಉದುರುವ ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಮೈಲುತುತ್ತು (ತಾಮ್ರದ ನೀಲಿ ಉಪ್ಪು), ಸುಣ್ಣದ ಮದ್ದು ಬಿಡುತ್ತೇವೆ ಅಲ್ವಾ. ಮೊದಲ ವರ್ಷ ಮದ್ದು ಬಿಟ್ಟ ದಿನ ಸಂಜೆ ಹೋಗಿ ನೋಡಿದರೆ ಜಾಲರಿ ಮೇಲೆಲ್ಲ ನೀಲಿ ಹನಿ, ನೀರಿನ ಬಟ್ಟಲಿನಲ್ಲೂ ನೀಲಿ. ಈ ಗಿಳಿಗಳು ಕೊಕ್ಕಿನಿಂದಲೇ ಜಾಲರಿ ಹತ್ತುತ್ತವೆ. ತಾಮ್ರ ಹೊಟ್ಟೆಗೆ ಹೋಗಲು ಅಷ್ಟೇ ಸಾಕು. ಎರಡನ್ನೂ ಆಗಲೇ ಒಳಗೆ ತಂದೆ. ಹೆಣ್ಣು ಎರಡು ದಿನ ಸರಿಯಾಗಿ ತಿನ್ನದೆ ಗರಿ ಉಬ್ಬಿಸಿ ಕೂತಿತ್ತು. ಮಂಗಳೂರಿಗೆ ಒಯ್ದು ಡಾಕ್ಟರಿಗೆ ತೋರಿಸಿದೆ. ನಿಧಾನಕ್ಕೆ ಚೇತರಿಸಿತು. ಆ ಎರಡು ರಾತ್ರಿ ನನಗೆ ನಿದ್ದೆ ಇಲ್ಲ. ಈಗ ಗೂಡಿನ ಸುತ್ತಲಿನ ಹನ್ನೆರಡು ಮರಗಳಿಗೆ ಮದ್ದೇ ಬಿಡುವುದಿಲ್ಲ. ಅಲ್ಲಿ ಅಡಿಕೆ ಉದುರಿದರೆ ಉದುರಲಿ. ಉಳಿದ ತೋಟಕ್ಕೆ ಬಿಡುವಾಗ ಹಕ್ಕಿಗಳು ಒಳಗಿರುತ್ತವೆ, ಗೂಡಿಗೆ ಟರ್ಪಾಲು.

ಆಹಾರಕ್ಕೆ ಮೊಳಕೆ ಹೆಸರು, ನುಗ್ಗೆ ಸೊಪ್ಪು, ಪಪ್ಪಾಯಿ, ಪೇರಳೆ. ಸೂರ್ಯಕಾಂತಿ ಬೀಜ ಸ್ವಲ್ಪವೇ, ಕೊಬ್ಬು ಜಾಸ್ತಿ. ಮಳೆಗಾಲದಲ್ಲಿ ನೆಲಗಡಲೆ ಕೊಡುವುದೇ ಇಲ್ಲ, ಬೂಷ್ಟು ಹಿಡಿಯುತ್ತದೆ. ಬೆಣ್ಣೆಹಣ್ಣು ಯಾವತ್ತೂ ಕೂಡದು.

ಕಳೆದ ವರ್ಷ ಮೂರು ಮೊಟ್ಟೆ ಇಟ್ಟು ಎರಡು ಮರಿಯಾದವು. ಎರಡನೇ ವಾರದಲ್ಲಿ ಉಂಗುರ ಹಾಕಿ, ಜನನದ ಮಾಹಿತಿ ಕಳುಹಿಸಿದೆ. ಪುತ್ತೂರಿನ ಸ್ನೇಹಿತರೊಬ್ಬರಿಗೆ ಅವನ್ನು ಕೊಡುವಾಗ ವರ್ಗಾವಣೆಯ ಅರ್ಜಿಯನ್ನೂ ಹಾಕಿದೆ.

ಈ ಹಕ್ಕಿ 25-30 ವರ್ಷ ಬದುಕುತ್ತದೆ. ನನಗೀಗ 54. ಸುಮ್ನೆ ಇರಲು ಆಗಲಿಲ್ಲ, ತಂಗಿಯ ಮಗಳನ್ನು ಕೇಳಿದೆ. ಮುಂದೆ ತಾನು ನೋಡಿಕೊಳ್ಳುತ್ತೇನೆ ಅಂದಳು. ಈ ಸಲ ಮದ್ದು ಬಿಡುವ ಹಿಂದಿನ ದಿನವೇ ಬಂದು, ಗೂಡಿಗೆ ಟರ್ಪಾಲು ಕಟ್ಟಿದ್ದು ಅವಳೇ.