ಸದಸ್ಯರ ಪುಸ್ತಕ ಹಿಡಿದು ಮನೆಮನೆಗೆ

2019ರ ಜೂನ್ ತಿಂಗಳ ಮಹಾಸಭೆಯಲ್ಲಿ ನನ್ನನ್ನು ನಮ್ಮೂರ ಕನ್ನಡ ಸಂಘದ ಕಾರ್ಯದರ್ಶಿಯಾಗಿ ಆರಿಸಿದರು. ಹೊರಗೆ ಜಡಿಮಳೆ. ಸಭೆಗೆ ಬಂದಿದ್ದವರು ಹದಿನಾರು ಮಂದಿ, ಅವರಲ್ಲಿ ಒಂಬತ್ತು ಮಂದಿ ಸಮಿತಿಯವರೇ. ಕೋರಂ ಆಗಲಿಲ್ಲ. ವಾಡಿಕೆಯಂತೆ ಅರ್ಧ ಗಂಟೆ ಸಭೆ ಮುಂದೂಡಿ, ಸಜ್ಜಿಗೆ ಅವಲಕ್ಕಿ ತಿಂದು ಚಹಾ ಕುಡಿದು, ಅದೇ ಹದಿನಾರು ಮಂದಿ ಮತ್ತೆ ಕುಳಿತೆವು. ವರದಿ ವಾಚನ, ಲೆಕ್ಕಪತ್ರ ಮಂಡನೆ, ಆಯ್ಕೆ, ಧನ್ಯವಾದ ಎಲ್ಲವೂ ನಲವತ್ತು ನಿಮಿಷಗಳಲ್ಲಿ ಮುಗಿಯಿತು.

ನಮ್ಮೂರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಅಡಿಕೆ ತೋಟಗಳ ನಡುವೆ ಇದೆ. ಮನೆಯೊಳಗೆ ಕೆಲವರದು ತುಳು, ಕೆಲವರದು ಹವ್ಯಕ ಕನ್ನಡ, ಕೆಲವರದು ಮರಾಠಿ, ಕೊಂಕಣಿ, ಮಲಯಾಳ. ಶಾಲೆ, ಪತ್ರಿಕೆ, ತಾಳಮದ್ದಳೆಗಳಲ್ಲಿ ಎಲ್ಲರಿಗೂ ಕನ್ನಡವೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಹುಟ್ಟಿಕೊಂಡ ಹಲವು ಸಂಘಗಳಂತೆ ನಮ್ಮದೂ ಭಾಷೆಯ ಮೇಲಿನ ಸಂಕಟದಿಂದಲೇ ಹುಟ್ಟಿದ್ದು. ಒಂದು ಹೆಂಚಿನ ಸಭಾಭವನ, ಎರಡು ಕಪಾಟು ಪುಸ್ತಕ, ವರ್ಷಕ್ಕೊಂದು ವಾರ್ಷಿಕೋತ್ಸವ. ಉಳಿದ ದಿನಗಳಲ್ಲಿ ಬಾಗಿಲಿಗೆ ಬೀಗ.

ನಾನು ಸೇವಾ ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತೆ. ಪುಸ್ತಕ ನೋಡುವುದೇ ನನ್ನ ಕಸುಬು. ಹಾಗಾಗಿ ಅಧಿಕಾರ ವಹಿಸಿಕೊಂಡ ಮರುದಿನ ಸದಸ್ಯರ ಪುಸ್ತಕ ಎಲ್ಲಿದೆ ಎಂದು ಕೇಳಿದೆ. ಹಿಂದಿನ ಕಾರ್ಯದರ್ಶಿಯಣ್ಣ ಬಹಳ ಹುಡುಕಿ, ಯಕ್ಷಗಾನದ ಹಳೆಯ ಪರದೆಗಳ ಅಡಿಯಿಂದ ತೆಗೆದುಕೊಟ್ಟರು. ಹಸಿರು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ, ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. 214 ಹೆಸರುಗಳಿದ್ದವು. ರಾತ್ರಿ ಊಟವಾದ ಮೇಲೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಹೆಸರು ಓದಿದೆ. "ಅವರು ತೀರಿಹೋಗಿ ಹತ್ತು ವರ್ಷವಾಯಿತು." "ಅವರು ಮಗನ ಜೊತೆ ಬೆಂಗಳೂರಿಗೆ ಹೋದರು." "ಇವಳು ಮದುವೆಯಾಗಿ ಪುತ್ತೂರಿನಲ್ಲಿದ್ದಾಳೆ." ಪುಸ್ತಕ ಮುಗಿಯುವಷ್ಟರಲ್ಲಿ ಐವತ್ತಕ್ಕಿಂತ ಹೆಚ್ಚು ಹೆಸರುಗಳ ಪಕ್ಕ ಪೆನ್ಸಿಲಿನ ಗೆರೆ ಬಿದ್ದಿತ್ತು. ತೀರಿಹೋದವರ ಹೆಸರಿಗೂ ನಾವು ಪ್ರತಿ ವರ್ಷ ಆಮಂತ್ರಣ ಕಳುಹಿಸುತ್ತಿದ್ದೆವು. ಬದುಕಿರುವವರು ಹೇಗಿದ್ದಾರೆಂದು ಕೇಳಿದ್ದು ಮಾತ್ರ ಯಾವ ನಡಾವಳಿಯಲ್ಲೂ ಇರಲಿಲ್ಲ.

ಆ ವರ್ಷ ವಾರ್ಷಿಕೋತ್ಸವದ ಯೋಚನೆಯನ್ನು ಸಮಿತಿಗೆ ಬಿಟ್ಟು ನಾನು ಮನೆಭೇಟಿಗೆ ಹೊರಟೆ. ರಶೀದಿ ಪುಸ್ತಕ ಜೊತೆಗೆ ಒಯ್ಯಬಾರದೆಂದು ನನಗೆ ನಾನೇ ಕಟ್ಟಳೆ ಹಾಕಿಕೊಂಡೆ. ಮೊದಲ ಹತ್ತು ಮನೆಗಳಲ್ಲಿ ಆ ಕಟ್ಟಳೆಯ ಬೆಲೆ ತಿಳಿಯಿತು. ಅಂಗಳ ದಾಟುವಾಗಲೇ ಒಳಗಿನಿಂದ "ಎಷ್ಟು ಬರೆಯಬೇಕು?" ಎಂಬ ಪ್ರಶ್ನೆ ಬರುತ್ತಿತ್ತು. ಏನೂ ಬೇಡ, ಮಾತನಾಡಿಸಲು ಬಂದೆ ಎಂದರೆ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಕುಡಿಯಲು ನೀರು ಬೆಲ್ಲ ತರುತ್ತಿದ್ದರು.

2020ರ ಆರಂಭದಲ್ಲಿ ಗುಡ್ಡದ ತುದಿಯ ಒಂದು ಮನೆಗೆ ಹೋದೆ. ಎಂಬತ್ತರ ಹತ್ತಿರದ ಅಜ್ಜಿ ಒಬ್ಬರೇ ಇದ್ದರು. ರೇಷನ್ ಕಾರ್ಡ್ ಇಟ್ಟ ಪ್ಲಾಸ್ಟಿಕ್ ಚೀಲವನ್ನು ಬಿಚ್ಚಿ, ಮಡಚಿ ಮಡಚಿ ಬಟ್ಟೆಯಂತಾಗಿದ್ದ ನಮ್ಮ ಸಂಘದ ರಶೀದಿಯನ್ನು ತೋರಿಸಿದರು. ಅವರ ಗಂಡ 1987ರಲ್ಲಿ ಕೊಟ್ಟ ಐದು ರೂಪಾಯಿಗೆ ಬರೆದ ರಶೀದಿ. "ಮಗಳೇ, ಇದು ಈಗಲೂ ನಡೆಯುತ್ತದೆಯೇ?" ಎಂದು ಕೇಳಿದರು. ಅದೇ ಚೀಲದಿಂದ ಇನ್ನೊಂದು ಕಾಗದ ತೆಗೆದು ನನ್ನ ಕೈಯಲ್ಲಿಟ್ಟರು. ಪೂರ್ತಿ ಮಲಯಾಳದಲ್ಲಿತ್ತು. ಅವರಿಗೆ ಓದಲು ಬರುತ್ತಿದ್ದುದು ಕನ್ನಡ ಮಾತ್ರ. ಕಾಗದ ಬಂದು ಎಷ್ಟೋ ದಿನಗಳಾಗಿದ್ದವು. ಯಾರಲ್ಲಿ ಓದಿಸಬೇಕೆಂದು ಗೊತ್ತಾಗದೆ ಇಟ್ಟುಕೊಂಡಿದ್ದರು. ಸಾಮಾಜಿಕ ಭದ್ರತಾ ಪಿಂಚಣಿ ಪಡೆಯುವವರೆಲ್ಲ ಸರಕಾರಿ ಸೇವೆಗಳ ಅಕ್ಷಯ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ಮಸ್ಟರಿಂಗ್, ಅಂದರೆ ತಾವು ಬದುಕಿದ್ದೇವೆಂಬ ದೃಢೀಕರಣ, ಮಾಡಿಸಬೇಕೆಂಬ ಸೂಚನೆ ಅದು. 2019ರ ಕೊನೆಯಲ್ಲಿ ಹೊಸದಾಗಿ ಬಂದ ವ್ಯವಸ್ಥೆ. ಅವರು ಮಾಡಿಸಿರಲಿಲ್ಲ, ಪಿಂಚಣಿ ನಿಂತಿತ್ತು. ಕೆಳಗಿನ ಮನೆಯವರಿಗೆ ಬಂದದ್ದು ತನಗೇಕೆ ಬರಲಿಲ್ಲವೆಂದು ಅವರಿಗೆ ತಿಳಿದಿರಲಿಲ್ಲ.

ಅವರ ಮನೆಯಿಂದ ನಮ್ಮ ಸಭಾಭವನದ ಹೆಂಚು ಕಾಣುತ್ತದೆ. ಆ ಕಾಗದ ಅವರ ಚೀಲದಲ್ಲಿದ್ದ ದಿನಗಳಲ್ಲೇ ನಾವು ಅಲ್ಲಿ ಧ್ವನಿವರ್ಧಕ ಹಾಕಿ ಕನ್ನಡ ಉಳಿಯಬೇಕು ಎಂದು ಭಾಷಣ ಮಾಡಿದ್ದೆವು. ಗುಡ್ಡ ಇಳಿಯುವಾಗ ನನಗೆ ಬಹಳ ನಾಚಿಕೆಯಾಯಿತು. ಮರುದಿನ ರಜೆ ಹಾಕಿ ಅವರನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ಕೆಲಸ ಮಾಡಿಸಿದೆ.

ಭಾನುವಾರದ ಮೇಜು ಶುರುವಾದದ್ದು ಅಲ್ಲಿಂದ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಸಭಾಭವನದ ಬಾಗಿಲು ತೆರೆದು ಒಂದು ಮೇಜು, ಒಂದು ಬೆಂಚು ಹಾಕಿದೆವು. ಬಂದ ಕಾಗದವನ್ನು ಕನ್ನಡದಲ್ಲಿ ಓದಿ ಹೇಳುವುದು, ಅರ್ಜಿ ಬರೆಯುವುದು, ಯಾವ ಕಚೇರಿಗೆ ಯಾವ ದಾಖಲೆ ಬೇಕೆಂದು ಚೀಟಿಯಲ್ಲಿ ಬರೆದು ಕೊಡುವುದು ನಮ್ಮ ಕೆಲಸ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ತಮಿಳು, ಕನ್ನಡ ಅಲ್ಪಸಂಖ್ಯಾತರಿಗೆ ಒಂದು ಹಕ್ಕಿದೆ: ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಸಿಗಬೇಕು. ಇದನ್ನು ನಾವು ವೇದಿಕೆಯಲ್ಲಿ ಎಷ್ಟೋ ಸಲ ಹೇಳಿದ್ದೆವು. ಮೇಜಿನ ಮುಂದೆ ಕುಳಿತು ಕನ್ನಡದಲ್ಲಿ ಅರ್ಜಿ ಬರೆದು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದದ್ದು ಆಗ ಮೊದಲು. ತುರ್ತಿನ ಕೆಲಸವಾದರೆ ಮಲಯಾಳದ ಪ್ರತಿಯೊಂದನ್ನೂ ಜೊತೆಗಿಡುತ್ತಿದ್ದೆವು. ಹಕ್ಕಿನ ವಾದದಲ್ಲಿ ಅಜ್ಜಿಯ ಪಿಂಚಣಿ ತಡವಾಗಬಾರದು ಎಂಬುದು ನನ್ನ ನಿಲುವು. ಇದನ್ನು ಒಪ್ಪದವರು ಸಮಿತಿಯಲ್ಲೇ ಇದ್ದರು, ಈಗಲೂ ಇದ್ದಾರೆ.

ವಿರೋಧ ಬಂದದ್ದು ನಾನು ಗೌರವಿಸುವ ಹಿರಿಯರಿಂದಲೇ. ನಮ್ಮ ಅಧ್ಯಕ್ಷರು ನಿವೃತ್ತ ಅಧ್ಯಾಪಕರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಾಗ ಅವರು ವಿದ್ಯಾರ್ಥಿ. ಅದು ಜಾರಿಯಾಗಲಿಲ್ಲವೆಂಬ ನೋವು ಅವರಿಗೆ ಇಂದಿಗೂ ಹಸಿಯಾಗಿದೆ. "ಸಂಘ ಇರುವುದು ಭಾಷೆಗಾಗಿ. ಅರ್ಜಿ ಬರೆಯುವ ಅಂಗಡಿ ಮಾಡಲು ನಮ್ಮ ಹಿರಿಯರು ಇದನ್ನು ಕಟ್ಟಲಿಲ್ಲ" ಎಂದು ಸಭೆಯಲ್ಲಿ ಹೇಳಿದರು. ನಾನು ವಾದ ಮಾಡಲಿಲ್ಲ. "ಮಾಸ್ಟ್ರೇ, ಒಂದು ಭಾನುವಾರ ನೀವೇ ಬಂದು ಕುಳಿತುಕೊಳ್ಳಿ" ಎಂದೆ. ಬಂದರು. ಅವರೇ ಒಂದನೆಯ ತರಗತಿಯಲ್ಲಿ ಅಕ್ಷರ ತಿದ್ದಿಸಿದ್ದ ಒಬ್ಬ ಕೂಲಿಯಾಳು ಅಂದು ಜಾಗದ ಕಾಗದ ಹಿಡಿದುಕೊಂಡು ಬಂದಿದ್ದ. ಮಾಸ್ಟ್ರು ಕನ್ನಡಕ ಸರಿಮಾಡಿಕೊಂಡು, ಸ್ವಚ್ಛ ಅಕ್ಷರದಲ್ಲಿ ಅರ್ಜಿ ಬರೆದುಕೊಟ್ಟರು. ಮುಂದಿನ ಭಾನುವಾರ ನಾನು ಹೋಗುವ ಮೊದಲೇ ಬಾಗಿಲು ತೆರೆದು ಕುಳಿತಿದ್ದರು. ತಾಳಮದ್ದಳೆಯನ್ನೂ ನವೆಂಬರ್ ಒಂದರ ಸಭೆಯನ್ನೂ ನಾವು ಬಿಡಲಿಲ್ಲ. ಸನ್ಮಾನದ ಶಾಲು, ಹಾರ, ಫಲಕಗಳ ಖರ್ಚನ್ನು ಮಾತ್ರ ಕಡಿಮೆ ಮಾಡಿ ಒಂದು ಪ್ರಿಂಟರ್ ತೆಗೆದುಕೊಂಡೆವು.

ಅಷ್ಟರಲ್ಲಿ 2020ರ ಮಾರ್ಚ್ ಬಂತು. ಲಾಕ್‌ಡೌನ್ ಆಯಿತು, ಕರ್ನಾಟಕದ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿತು. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು. ತಲೆಮಾರುಗಳಿಂದ ಹಾಗೆಯೇ. ವೈದ್ಯರು ಅಲ್ಲಿ, ಚೀಟಿ ಅಲ್ಲಿಯದು, ಔಷಧಿಯೂ ಅಲ್ಲಿಯದು. ಮನೆಭೇಟಿಯಲ್ಲಿ ನಾನು ಹೊಸ ಪುಸ್ತಕ ಮಾಡಿ ಪ್ರತಿ ಹೆಸರಿನ ಮುಂದೆ ಮೊಬೈಲ್ ಸಂಖ್ಯೆ, ಮನೆಯಲ್ಲಿ ಯಾರಿದ್ದಾರೆ, ನಿತ್ಯ ಔಷಧಿ ಬೇಕಾದವರು ಯಾರು ಎಂದು ಬರೆದಿದ್ದೆ. ಬರೆಯುವಾಗ ಇದರ ಅಗತ್ಯ ಇಷ್ಟು ಬೇಗ ಬರುತ್ತದೆಂದು ಎಣಿಸಿರಲಿಲ್ಲ. ಐದು ಮಂದಿ ಪುಟಗಳನ್ನು ಹಂಚಿಕೊಂಡು ಎರಡು ದಿನಗಳಲ್ಲಿ ಎಲ್ಲ ಮನೆಗಳಿಗೂ ಕರೆ ಮಾಡಿದೆವು. ಕೇಳಿದ್ದು ಒಂದೇ ಪ್ರಶ್ನೆ: ಮಾತ್ರೆ ಇನ್ನು ಎಷ್ಟು ದಿನಕ್ಕಿದೆ? ಹತ್ತು ದಿನಕ್ಕಿಂತ ಕಡಿಮೆ ಇದ್ದವರ ಪಟ್ಟಿ ಬೇರೆ ಮಾಡಿ, ಚೀಟಿಯ ಫೋಟೋ ತರಿಸಿಕೊಂಡು, ಸಿಗುವುದನ್ನು ಕಾಸರಗೋಡು, ಕುಂಬಳೆಗಳಲ್ಲಿ ಹುಡುಕಿದೆವು. ಇಲ್ಲಿ ಸಿಗದ್ದನ್ನು ಬೇರೆ ಜಿಲ್ಲೆಗಳಿಂದ ತರಿಸಬೇಕಾಯಿತು. ಕೇರಳದ ಅಗ್ನಿಶಾಮಕ ದಳದವರು ಆಗ ಜಿಲ್ಲೆಯಿಂದ ಜಿಲ್ಲೆಗೆ ಔಷಧಿ ತಲುಪಿಸುತ್ತಿದ್ದರು. ಒಂದು ಸಂಜೆ ಕೆಂಪು ವಾಹನ ನಮ್ಮ ಸಭಾಭವನದ ಮುಂದೆ ನಿಂತು, ಒಬ್ಬ ತಾಯಿಯ ಹೆಸರು ಬರೆದ ಸಣ್ಣ ಪೊಟ್ಟಣ ಕೊಟ್ಟುಹೋಯಿತು. ಆ ಪೊಟ್ಟಣವನ್ನು ಕೈಯಲ್ಲಿ ಹಿಡಿದು ತೋಟದ ದಾರಿಯಲ್ಲಿ ನಡೆದ ಹತ್ತು ನಿಮಿಷಗಳನ್ನು ನಾನು ಮರೆತಿಲ್ಲ.

ಮುಂದಿನ ಮಹಾಸಭೆ ತಡವಾಗಿ ನಡೆಯಿತು. ತೊಂಬತ್ತಕ್ಕಿಂತ ಹೆಚ್ಚು ಜನ ಬಂದರು. ಕುರ್ಚಿ ಸಾಲದೆ ಶಾಲೆಯಿಂದ ಬೆಂಚು ತಂದೆವು.

ಇನ್ನು ಕಾಗದಪತ್ರದ ವಿಷಯ. ಸಣ್ಣ ಸಂಘ ನಡೆಸುವವರು ಇದನ್ನು ದಯವಿಟ್ಟು ಗಮನಿಸಬೇಕು. ಬ್ಯಾಂಕಿನವರು ಖಾತೆಯ ಸಹಿದಾರರನ್ನು ಬದಲಿಸಲು ಸಮಿತಿಯ ದೃಢೀಕೃತ ಪಟ್ಟಿ ಕೇಳಿದಾಗ ನಮ್ಮಲ್ಲಿ ಅದು ಇರಲೇ ಇಲ್ಲ. ಅಂತರ್ಜಾಲದಲ್ಲಿ ಸಿಕ್ಕ ಮಾದರಿ ಬೈಲಾದಲ್ಲಿ 1955ರ ತಿರುವಾಂಕೂರು-ಕೊಚ್ಚಿ ಕಾಯ್ದೆಯ ಹೆಸರಿತ್ತು. ಅದು ಕೇರಳದ ದಕ್ಷಿಣ ಭಾಗಕ್ಕೆ. ನಮ್ಮದು ಹಳೆಯ ಮದ್ರಾಸು ಪ್ರಾಂತ್ಯದ ಭಾಗವಾದ್ದರಿಂದ 1860ರ ಸಂಘಗಳ ನೋಂದಣಿ ಕಾಯ್ದೆಯೇ ಅನ್ವಯ. ಅದರ 4ನೆಯ ಕಲಮಿನ ಪ್ರಕಾರ ಮಹಾಸಭೆಯಾದ 14 ದಿನಗಳೊಳಗೆ ಹೊಸ ಸಮಿತಿಯ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ನಾವು ಹನ್ನೊಂದು ವರ್ಷ ಸಲ್ಲಿಸಿರಲಿಲ್ಲ. ಯಾರೂ ದುಡ್ಡು ತಿಂದಿರಲಿಲ್ಲ, ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಆದರೂ ಕಾಗದದ ಮೇಲೆ ನಮ್ಮ ಸಂಘ ಇದ್ದೂ ಇಲ್ಲದಂತಾಗಿತ್ತು. ಹಳೆಯ ನಡಾವಳಿಗಳನ್ನು ಹುಡುಕಿ ಸರಿಪಡಿಸಲು ನನಗೆ ಏಳು ತಿಂಗಳು ಬೇಕಾಯಿತು. ಗ್ರಂಥಾಲಯಕ್ಕೆ ಅನುದಾನ ಕೇಳುವ ಯೋಚನೆ ಮಾಡಿದ್ದು ಆಮೇಲೆ.

ಲೆಕ್ಕವನ್ನು ತಿಂಗಳಿಗೊಮ್ಮೆ ಸಭಾಭವನದ ಹೊರಗೋಡೆಯ ಕರಿಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆಯುತ್ತೇವೆ. ಬಂದದ್ದು ಇಷ್ಟು, ಹೋದದ್ದು ಇಷ್ಟು, ಕೈಯಲ್ಲಿ ಇಷ್ಟು. ಬಸ್ಸಿಗೆ ಕಾಯುವವರೆಲ್ಲ ಓದುತ್ತಾರೆ. ಸದಸ್ಯತ್ವದ ನೂರು ರೂಪಾಯಿಯನ್ನು ಜನ ತಾವಾಗಿಯೇ ತಂದುಕೊಡಲು ಶುರುಮಾಡಿದ್ದು ಈ ಹಲಗೆ ಬಂದ ಮೇಲೆ.

ನಾನು ಮಾಡಿದ ದೊಡ್ಡ ತಪ್ಪನ್ನೂ ಬರೆಯಬೇಕು. ಮೊದಲ ಎರಡು ವರ್ಷ ಎಲ್ಲವನ್ನೂ ನಾನೇ ಹೊತ್ತುಕೊಂಡೆ. ಯಾರ ಮನೆಯ ಕಥೆ ಏನು, ಯಾವ ಅರ್ಜಿ ಎಲ್ಲಿದೆ ಎಂಬುದೆಲ್ಲ ನನ್ನ ತಲೆಯಲ್ಲಿ, ಕೀಲಿಕೈ ನನ್ನ ಚೀಲದಲ್ಲಿ. ಮಳೆಗಾಲದಲ್ಲಿ ಡೆಂಗಿ ಜ್ವರ ಬಂದು ಮೂರು ವಾರ ಮಲಗಿದಾಗ ಭಾನುವಾರದ ಮೇಜು ಮುಚ್ಚಿತು. ಒಬ್ಬ ಹುಡುಗನ ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನ ಆ ಮೂರು ವಾರಗಳಲ್ಲೇ ಕಳೆಯಿತು. ಅವನ ತಂದೆ ಒಂದು ಮಾತೂ ಆಡಲಿಲ್ಲ. ಅವರು ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ದಾರಿ ತೋರಿಸಿದವರು ಕೇರಳ ಸರಕಾರದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಹೆಂಗಸರು. ಹತ್ತಿಪ್ಪತ್ತು ಮನೆಗಳಿಗೊಂದು ಅಯಲ್ಕೂಟ (ನೆರೆಮನೆಯವರ ಗುಂಪು), ಸರದಿಯಂತೆ ಒಂದೊಂದು ಮನೆಯಲ್ಲಿ ಕೂಟ, ಉಳಿತಾಯ, ಸಾಲ, ನಡಾವಳಿ. ಕೇರಳದಲ್ಲಿ 1998ರಿಂದ ನಡೆದುಬಂದ ಈ ಕ್ರಮ ನಮ್ಮ ಮನೆಗಳಲ್ಲೇ ಇತ್ತು. ಅದನ್ನು ನಡೆಸುತ್ತಿದ್ದವರು ನಮ್ಮ ಸದಸ್ಯರ ಹೆಂಡತಿಯರು, ಸೊಸೆಯರು. ಸಂಘದ ಪುಸ್ತಕದಲ್ಲಿ ಮಾತ್ರ ಅವರ ಹೆಸರಿರಲಿಲ್ಲ, ಮನೆಯ ಯಜಮಾನನ ಹೆಸರಷ್ಟೇ ಇತ್ತು. ಊರನ್ನು ಬೈಲು ಬೈಲಾಗಿ ಏಳು ಭಾಗ ಮಾಡಿ ಬೈಲಿಗೆ ಒಬ್ಬರಂತೆ ಜವಾಬ್ದಾರಿ ಕೊಟ್ಟೆವು. ಏಳರಲ್ಲಿ ಐವರು ಹೆಂಗಸರು. ಲೆಕ್ಕ ಬರೆಯುವುದನ್ನು ನಾನು ಅವರಿಗೆ ಕಲಿಸಬೇಕಾಗಲಿಲ್ಲ. ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಕಳುಹಿಸುವ ಮುಸ್ಲಿಂ ಮನೆಗಳಿಂದಲೂ ಸದಸ್ಯರು ಬಂದದ್ದು ಅವರ ಓಡಾಟದಿಂದ. ಅಷ್ಟು ವರ್ಷ ನಾವು ಆ ಮನೆಯವರನ್ನು ಕರೆದೇ ಇರಲಿಲ್ಲ.

ಹುಡುಗರನ್ನು ಸಂಘಕ್ಕೆ ಹೇಗೆ ತರುವುದು ಎಂಬ ಚಿಂತೆ ನಮ್ಮ ಎಲ್ಲ ಸಭೆಗಳಲ್ಲೂ ಇತ್ತು. ಅವರು ಬಂದದ್ದು ಪಿಎಸ್‌ಸಿಯ, ಅಂದರೆ ಸರಕಾರಿ ಹುದ್ದೆಗಳಿಗೆ ಆಯ್ಕೆ ಮಾಡುವ ಕೇರಳ ಲೋಕಸೇವಾ ಆಯೋಗದ ಕಾರಣಕ್ಕೆ. ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದೇ ಗುಮಾಸ್ತ ಹುದ್ದೆಗಳಿಗೆ ಅರ್ಜಿ ಕರೆಯುತ್ತಾರೆ, ಕನ್ನಡ ಮಾಧ್ಯಮದ ಅಧ್ಯಾಪಕರ ಹುದ್ದೆಗಳಿರುತ್ತವೆ. ಅಧಿಸೂಚನೆ ಬಂದ ದಿನವೇ ಹಲಗೆಯಲ್ಲಿ ಬರೆಯುತ್ತೇವೆ. ಸಂಜೆ ಮಲಯಾಳ ಓದುಬರಹದ ತರಗತಿಯನ್ನೂ ನಡೆಸುತ್ತೇವೆ. ಕನ್ನಡ ಸಂಘದಲ್ಲಿ ಮಲಯಾಳ ಪಾಠವೇ ಎಂದು ಕೇಳಿದವರಿದ್ದಾರೆ. ಆ ತರಗತಿ ಬೇಕೆಂದು ಮೊದಲು ಒತ್ತಾಯಿಸಿದವರು ನಮ್ಮ ಅಧ್ಯಕ್ಷ ಮಾಸ್ಟ್ರು.

ಪದಾಧಿಕಾರಿಗಳು ಎರಡು ಅವಧಿಗಿಂತ ಹೆಚ್ಚು ಒಂದೇ ಸ್ಥಾನದಲ್ಲಿ ಇರಬಾರದೆಂದು ಬೈಲಾ ತಿದ್ದುಪಡಿಯನ್ನು ನಾನೇ ಮಂಡಿಸಿದೆ. ಅದರಂತೆ 2024ರಲ್ಲಿ ಕೆಳಗಿಳಿದೆ. ಇಳಿಯುವುದು ಸುಲಭವಿರಲಿಲ್ಲ. ಭಾನುವಾರ ಬೆಳಿಗ್ಗೆ ಕೈಕಾಲು ಸುಮ್ಮನಿರುತ್ತಿರಲಿಲ್ಲ. ಹೊಸ ಕಾರ್ಯದರ್ಶಿ ಪಿಎಸ್‌ಸಿ ನೋಂದಣಿಗೆಂದು ನಮ್ಮ ಮೇಜಿಗೆ ಬಂದಿದ್ದ ಹುಡುಗಿ. ಈಗ ಅವಳಿಗೆ ಇಪ್ಪತ್ತೊಂಬತ್ತು. ಪುಸ್ತಕ ಕೈಗಿಟ್ಟ ದಿನ ಪುಟ ತಿರುವುತ್ತಾ, "ಅಕ್ಕ, ಕೆಲವು ಹೆಸರಿನ ಮುಂದೆ ನೀಲಿ ಚುಕ್ಕೆ ಇದೆಯಲ್ಲ, ಏನದು?" ಎಂದು ಕೇಳಿದಳು. ಒಬ್ಬರೇ ಇರುವವರು, ತಿಂಗಳಿಗೊಮ್ಮೆಯಾದರೂ ಹೋಗಿ ನೋಡಬೇಕಾದವರು ಎಂದೆ. ಅವಳು ಬೆರಳಿಟ್ಟು ಎಣಿಸಿದಳು, ಹನ್ನೆರಡು. ಗುಡ್ಡದ ತುದಿಯ ಅಜ್ಜಿಯದು ಮೂರನೆಯದು. "ಇವರದು ಈ ವರ್ಷದ ಮಸ್ಟರಿಂಗ್ ಆಗಿದೆಯೇ?" ಎಂದಳು. ಇಲ್ಲ ಎಂದೆ. ಅವಳು ಆಟೋದವನಿಗೆ ಕರೆ ಮಾಡಿದಳು.